ಹೊಸ ಲ್ಯಾಪ್‌ಟಾಪು, ಹಳೆಯ ದೊಡ್ಡಪ್ಪ

ಜೂನ್ ೪

ನನ್ನ ಪ್ರೀತಿಯ ಸ್ಕ್ರೂ ತಮ್ಮನಿಗೆ,

ನಿಂತುಕೊಂಡು ಓದುತ್ತಿದ್ದರೆ ಮೊದಲು ಕುಳಿತುಕೋ. ಹಡಗು ಅಲ್ಲಾಡುತ್ತಿದ್ದರೆ ಏನನ್ನಾದರೂ ಗಟ್ಟಿಯಾಗಿ ಹಿಡಿದುಕೋ. ನಾನು ಲ್ಯಾಪ್‌ಟಾಪ್ ಕೊಂಡಿದ್ದೇನೆ.

ಹೌದು, ನಿನ್ನನ್ನು ಕೇಳದೆಯೇ. ಕೇಳಿದ್ದರೆ ನೀನು ಬಂದರಿಗೊಂದರಂತೆ ಪ್ರಶ್ನೆ ಕಳಿಸುತ್ತಿದ್ದೆ, ಅಷ್ಟರಲ್ಲಿ ಆ ಮಾದರಿಯೇ ಹಳೆಯದಾಗಿರುತ್ತಿತ್ತು. ಫೋನು ಮಾಡೋಣವೆಂದರೆ ನಮ್ಮಿಬ್ಬರ ಫೋನು ನಿನಗೆ ಗೊತ್ತೇ ಇದೆ, ಹಲೋ ಮುಗಿಯುವುದೂ ಜಗಳ ಶುರುವಾಗುವುದೂ ಒಟ್ಟಿಗೆ. ಅದಕ್ಕೇ ಈ ಮೇಲ್. ಕಾಗದದ ಹಾಗೆ ಉದ್ದಕ್ಕೆ ಬರೆಯುತ್ತೇನೆ, ನೀನು ದಡ ಮುಟ್ಟಿದಾಗ ಓದು.

ಮೊದಲ ಅನಿಸಿಕೆ ಕೇಳು. ತೆಳು. ಎಷ್ಟು ತೆಳು ಎಂದರೆ ಅಂಗಡಿಯವನು ಕೈಗೆ ಕೊಟ್ಟಾಗ "ಒಳಗಿನದೆಲ್ಲ ಎಲ್ಲಿ?" ಎಂದು ಕೇಳಿಬಿಟ್ಟೆ. ಅವನು ನಕ್ಕ, ನಾನೂ ಬೇಕೆಂದೇ ತಮಾಷೆ ಮಾಡಿದವಳ ಹಾಗೆ ನಕ್ಕೆ. ಗುಂಡಿ ಒತ್ತಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎದ್ದು ಕೂರುತ್ತದೆ. ನಮ್ಮ ದೊಡ್ಡಪ್ಪನನ್ನು ನೆನೆಸಿಕೋ. ಗುಂಡಿ ಒತ್ತಿ, ಟೀ ಕಾಯಿಸಿ, ಸೋಸಿ, ಕುಡಿದು ಬಂದರೆ ಆಗ ಗೊರಗೊರ ಎಂದು ಗಂಟಲು ಸರಿಮಾಡಿಕೊಳ್ಳುತ್ತಾನೆ. ನೀನು ಕೈಯಾರೆ ಜೋಡಿಸಿ ಕೊಟ್ಟ ಆ ಕಂಪ್ಯೂಟರಿಗೆ ಮಗಳು ದೊಡ್ಡಪ್ಪ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಇಬ್ಬರಿಗೂ ಒಂದೇ ಪರೀಕ್ಷೆ ಕೊಟ್ಟೆ. ನಾನು ಸಂಕಲನ ಮುಗಿಸಿದ, ಒಂದು ಶಾಲೆಯ ಬಗೆಗಿನ ಸಾಕ್ಷ್ಯಚಿತ್ರ, ಅದರ ಕೊನೆಯ ಪ್ರತಿ ತೆಗೆಯಬೇಕು. ಎರಡನ್ನೂ ಕೆಲಸಕ್ಕೆ ಹಚ್ಚಿ ಹಾಲು ಕಾಯಿಸಲು ಹೋದೆ. ಹಾಲು ಉಕ್ಕುವ ಮೊದಲೇ ಹೊಸದು ಮುಗಿಸಿ ಸುಮ್ಮನೆ ಕುಳಿತಿತ್ತು. ದೊಡ್ಡಪ್ಪ ನಾವು ಊಟ ಮಾಡಿ ಎದ್ದ ಮೇಲೂ ಏದುಸಿರು ಬಿಡುತ್ತಿದ್ದ. ಹೊಸದಕ್ಕೆ ಸದ್ದೇ ಇಲ್ಲ. ಪಕ್ಕದ ಮನೆಯ ಮಗು ಅಳುವುದು ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಕೆಲಸದ ಕೋಣೆಗೆ ಕೇಳಿಸಿತು!

ಕೊರತೆ ಒಂದೇ. ನೀನು ಹೆಡ್‌ಫೋನ್ ನೇತುಹಾಕಲೆಂದು ದೊಡ್ಡಪ್ಪನ ನೆತ್ತಿಗೆ ಒಂದು ಕಂಬಿ ಕೂರಿಸಿದ್ದೆಯಲ್ಲ, ಅಂಥದ್ದು ಇದಕ್ಕಿಲ್ಲ. ಇಷ್ಟೆಲ್ಲ ಓದಿದ ಕಂಪನಿಯವರಿಗೆ ನಿನಗಿದ್ದ ಬುದ್ಧಿ ಹೊಳೆಯಲಿಲ್ಲ ನೋಡು.

ಈಗ ನಿಜವಾದ ಸುದ್ದಿ. ಬೆಟ್ಟಗಳ ನಡುವೆ ಒಂದು ದೊಡ್ಡ ಸೇತುವೆ ಕಟ್ಟುತ್ತಿದ್ದಾರೆ. ಕಟ್ಟುವ ಜನರ ಬಗ್ಗೆ ಪೂರ್ಣ ಉದ್ದದ ಚಿತ್ರ. ನಿರ್ದೇಶಕಿ ನನ್ನನ್ನೇ ಕೇಳಿದ್ದಾರೆ. "ಶೂಟಿಂಗ್ ನಡೀತಿರೋವಾಗ್ಲೇ ಎಡಿಟಿಂಗೂ ಆಗ್ಬೇಕು. ನೀವು ಅಲ್ಲೇ, ನಮ್ ಜೊತೆಗೇ ಇರ್ಬೇಕು" ಎಂದರು. ಹಿಂದೆ ಮೂವರು ಹೀಗೆ ಕರೆದಿದ್ದರು. ಮೂರು ಸಲವೂ "ನನ್ನ ಯಂತ್ರ ಊರು ಬಿಟ್ಟು ಬರುವುದಿಲ್ಲ" ಎಂದು ಹೇಳಬೇಕಾಯಿತು. ಇನ್ನು ಆ ಮಾತಿಲ್ಲ. ಅದಕ್ಕೆಂದೇ ಇದನ್ನು ಕೊಂಡದ್ದು. ಯೋಚಿಸಿ ಹೇಳಲು ಒಂದಷ್ಟು ದಿನ ಕೊಟ್ಟಿದ್ದಾರೆ. ಯೋಚಿಸುವುದೇನಿದೆ? ಪರದೆಯ ಮೇಲೆ ನನ್ನ ಹೆಸರು ಒಂಟಿಯಾಗಿ ಬರುವ ಮೊದಲ ದೊಡ್ಡ ಚಿತ್ರ ಇದು. ನಾನು ಹೋಗುತ್ತೇನೆ.

ನಿನ್ನ
ಅಕ್ಕ


ಜೂನ್ ೧೩

ಕತ್ತರಿ ಅಕ್ಕನಿಗೆ,

ಕುಳಿತೇ ಓದಿದೆ. ಇಂಜಿನ್ ಕೋಣೆಯಲ್ಲಿ ಇವತ್ತು ಬಿಸಿ ಜಾಸ್ತಿ, ನಿಲ್ಲುವ ಶಕ್ತಿಯಿರಲಿಲ್ಲ.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತಾರೆ. ಒಗಿ, ಒಗಿ. ತಿಂಗಳು ಕಳೆಯಲಿ, ಆಮೇಲೆ ಮಾತಾಡೋಣ. ಮೆಮೊರಿ ಎಷ್ಟಿದೆ? ಮುಂದೆ ಹೆಚ್ಚಿಸಬಹುದೋ ಅಥವಾ ಬೋರ್ಡಿಗೇ ಅಂಟಿಸಿಬಿಟ್ಟಿದ್ದಾರೋ? ಕೆಳಗಿನ ತಗಡು ಬಿಚ್ಚಲು ಸ್ಕ್ರೂ ಇದೆಯೋ ಇಲ್ಲವೋ? ಈಗಿನವರು ಬಿಚ್ಚಲು ಬಾರದ ಹಾಗೆ ಮಾಡಿ ಅದನ್ನೇ ಹೆಚ್ಚುಗಾರಿಕೆ ಅನ್ನುತ್ತಾರೆ. ಸಣ್ಣವನಿದ್ದಾಗ ಗಡಿಯಾರ, ರೇಡಿಯೋ, ಕೊನೆಗೆ ಅಜ್ಜನ ಕನ್ನಡಕ ಕೂಡ ಬಿಚ್ಚಿ ಒದೆ ತಿಂದವನು ನಾನು. ನನ್ನಂಥವನಿಗೆ ಈ ಕಾಲದಲ್ಲಿ ಕೆಲಸವಿಲ್ಲ. ಪುಣ್ಯಕ್ಕೆ ಹಡಗಿನ ಇಂಜಿನ್ ಇನ್ನೂ ಬಿಚ್ಚಲು ಬರುತ್ತದೆ.

ದೊಡ್ಡಪ್ಪನನ್ನು ಏನು ಮಾಡುತ್ತೀ? ಗುಜರಿಗೆ ಹಾಕುವುದಾದರೆ ನನಗೆ ಒಂದು ಮಾತು ಹೇಳು. ಸುಮ್ಮನೆ ಕೇಳಿದೆ.

ಹೆಡ್‌ಫೋನಿಗೆ ಗೋಡೆಗೊಂದು ಮೊಳೆ ಹೊಡಿ.

ತಮ್ಮ


ಜೂನ್ ೧೯

ಸ್ಕ್ರೂ,

ನಿನ್ನ ಕಾಗದ ಓದಿ ನಿನ್ನ ಭಾವನಿಗೂ ತೋರಿಸಿದೆ. "ಪಾಪ, ನಿನ್ ತಮ್ಮನಿಗೆ ಬೇಜಾರಾಗಿದೆ" ಎಂದರು. ನನಗೂ ಹಾಗೇ ಅನಿಸಿತು. ಇಷ್ಟು ದೊಡ್ಡ ಸುದ್ದಿ ಬರೆದರೆ ನೀನು ಸೇತುವೆಯ ಬಗ್ಗೆ ಒಂದಕ್ಷರ ಕೇಳಲಿಲ್ಲ, ಸ್ಕ್ರೂ ಇದೆಯಾ ಎಂದು ಕೇಳಿದೆ. ದೊಡ್ಡಪ್ಪನನ್ನು ಗುಜರಿಗೆ ಹಾಕುವಷ್ಟು ಕಲ್ಲು ಮನಸ್ಸಿನವಳಲ್ಲ ನಾನು. ಇದ್ದಲ್ಲೇ ಇದ್ದಾನೆ, ಹೆಡ್‌ಫೋನ್ ಹೊತ್ತುಕೊಂಡು.

ನಿನಗೆ ಸಮಾಧಾನವಾಗಲಿ ಎಂದು ಹೇಳುತ್ತೇನೆ, ಹೊಸದರಲ್ಲೂ ಹುಳುಕುಗಳಿವೆ. ತೊಡೆಯ ಮೇಲಿಟ್ಟುಕೊಂಡರೆ ಬಿಸಿ. ಪರದೆ ಚಿಕ್ಕದು, ಮುಖಗಳ ಬಣ್ಣ ಹೊಂದಿಸುವಾಗ ಕಣ್ಣು ಕಿರಿದಾಗುತ್ತದೆ. ಬಗ್ಗಿ ಬಗ್ಗಿ ಕುತ್ತಿಗೆ ನೋವು. ಕೀಲಿಗಳು ಮೆತ್ತಗೆ, ಒತ್ತಿದೆನೋ ಇಲ್ಲವೋ ಎಂಬ ಅನುಮಾನ.

ನಾನು ಸುಮ್ಮನೆ ಕೂರುವವಳೇ? ಎಲ್ಲಕ್ಕೂ ವ್ಯವಸ್ಥೆ ಮಾಡಿದೆ. ಹಳೆಯ ದೊಡ್ಡ ಪರದೆಯನ್ನೇ ಅದಕ್ಕೆ ಜೋಡಿಸಿದೆ. ಹಳೆಯ ಕೀಲಿಮಣೆ, ಹಳೆಯ ಮೌಸು, ಹಳೆಯ ಸ್ಪೀಕರು, ಎಲ್ಲ ಅದಕ್ಕೇ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ದೊಡ್ಡಪ್ಪನ ಪಕ್ಕ ನಿಲ್ಲಿಸಿದ್ದೇನೆ. ಎಷ್ಟೊಂದು ವಯರುಗಳು! ಜೋತಾಡಬಾರದೆಂದು ಎಲ್ಲವನ್ನೂ ಸೇರಿಸಿ ಮೇಜಿನ ಕಾಲಿಗೆ ಪ್ಲಾಸ್ಟಿಕ್ ಪಟ್ಟಿಯಲ್ಲಿ ಬಿಗಿದು ಕಟ್ಟಿದ್ದೇನೆ. ಕತ್ತರಿ ಹಾಕದೆ ಬಿಚ್ಚಲು ಬರುವುದಿಲ್ಲ, ಅಷ್ಟು ಅಚ್ಚುಕಟ್ಟು. ಮಗಳು ಶಾಲೆಯಿಂದ ಬಂದು ನೋಡಿ, "ಅಮ್ಮಾ, ಇದೇನು ನಾಯಿ ಕಟ್ಟಿದ ಹಾಗೆ ಕಟ್ಟಿದ್ದೀಯಾ? ಓಡಿ ಹೋಗುತ್ತಾ?" ಎಂದು ಬಿದ್ದು ಬಿದ್ದು ನಕ್ಕಳು. ಮಕ್ಕಳಿಗೆ ಅಚ್ಚುಕಟ್ಟು ಗೊತ್ತಾಗುವುದಿಲ್ಲ.

ನಿರ್ದೇಶಕಿಗೆ ಇನ್ನೂ ಹೂಂ ಅಂದಿಲ್ಲ. ಅಲ್ಲಿ ಸಿಮೆಂಟಿನ ಧೂಳಂತೆ, ವಿದ್ಯುತ್ತು ಬಂದು ಹೋಗುತ್ತದಂತೆ. ಹೋಗುವುದೇನೋ ಖಂಡಿತ. ಆದರೆ ನಾನು ಕಣ್ಣು ಮುಚ್ಚಿ ಬಾವಿಗೆ ಹಾರುವವಳಲ್ಲ, ನಿನಗೇ ಗೊತ್ತು.

ಅಕ್ಕ


ಜೂನ್ ೨೬

ಅಕ್ಕ,

ಬೇಜಾರೇನಿಲ್ಲ. ಸ್ವಲ್ಪ ಇತ್ತು, ಹೋಯಿತು. ಸೇತುವೆಯ ಬಗ್ಗೆ ಕೇಳದ್ದು ತಪ್ಪೇ. ನೀನು ಹೋಗುತ್ತೇನೆ ಅಂದಮೇಲೆ ಹೋಗುತ್ತೀ, ಕೇಳುವುದೇನು ಅಂದುಕೊಂಡೆ.

ನಿನ್ನ ತೊಂದರೆಗಳನ್ನೆಲ್ಲ ಇಲ್ಲಿ ಊಟದ ಮೇಜಿನ ಮುಂದೆ ಇಟ್ಟೆ. ಇಡೀ ಇಂಜಿನ್ ಕೋಣೆಯೇ ತಲೆ ಕೆಡಿಸಿಕೊಂಡಿತು. ಬಿಸಿಗೆ ಹಿಂಬದಿಯಲ್ಲಿ ಎರಡು ಮರದ ತುಂಡು ಕೊಟ್ಟು ಎತ್ತರಿಸು, ಗಾಳಿ ಆಡುತ್ತದೆ. ಅದೇ ಎತ್ತರ ಕುತ್ತಿಗೆಗೂ ಸರಿಹೋಗುತ್ತದೆ. ಬಣ್ಣಕ್ಕೆ ತೆಳ್ಳನೆಯ ಇನ್ನೊಂದು ಪರದೆ ಸಿಗುತ್ತದೆ, ಚೀಲದಲ್ಲಿ ಮಡಚಿದ ಬಟ್ಟೆಯ ಹಾಗೆ ಹೋಗುತ್ತದೆ. ಧೂಳಿಗೆ, ಕೆಲಸವಿಲ್ಲದಾಗ ತೆಳು ಹತ್ತಿ ಬಟ್ಟೆ ಹೊದಿಸು. ನಾವು ಇಲ್ಲಿ ಅಳತೆಯ ಮೀಟರುಗಳಿಗೆ ಹಾಗೇ ಮಾಡುವುದು. ವಿದ್ಯುತ್ತಿನ ಚಿಂತೆ ನಿನಗೇಕೆ? ಲ್ಯಾಪ್‌ಟಾಪಿಗೆ ಬ್ಯಾಟರಿ ಇರುವುದೇ ಅದಕ್ಕೆ. ದೊಡ್ಡಪ್ಪನಾಗಿದ್ದರೆ ದೀಪ ಹೋದ ಕೂಡಲೇ ಮೂರ್ಛೆ ಹೋಗುತ್ತಿದ್ದ.

ಇಲ್ಲಿಗೆ ಎಲ್ಲವೂ ಬಗೆಹರಿಯಿತು. ಯಾವಾಗ ಹೊರಡುತ್ತೀ?

ಒಂದು ಮಾತ್ರ ಯಾರಿಗೂ ಅರ್ಥವಾಗಲಿಲ್ಲ. ಎಲ್ಲಿಗೆ ಬೇಕಾದರೂ ಹೊತ್ತೊಯ್ಯಲೆಂದು ಕೊಂಡ ವಸ್ತುವನ್ನು ಮೇಜಿನ ಕಾಲಿಗೆ ಯಾಕೆ ಕಟ್ಟಿದೆ?

ತಮ್ಮ


ಜುಲೈ ೧

ತಮ್ಮಾ,

ನಿನ್ನ ಇಂಜಿನ್ ಕೋಣೆಯ ಮಹಾಸಭೆಗೆ ನನ್ನ ನಮಸ್ಕಾರ ತಿಳಿಸು. ಎಲ್ಲ ಪರಿಹಾರಗಳೂ ಚೆನ್ನಾಗಿವೆ.

ನಾನು ಹೋಗುವುದಿಲ್ಲ.

ಮರದ ತುಂಡು ಇಟ್ಟರೆ ಮುಗಿಯಿತೇ? ಮಗಳ ಶಾಲೆ ಇದೆ. ಭಾವ ಬೆಳಿಗ್ಗೆಯಿಂದ ಸಂಜೆಯವರೆಗೆ ಡ್ರೈವಿಂಗ್ ಕಲಿಸುತ್ತಾ ಬೀದಿ ಸುತ್ತುತ್ತಾರೆ, ಮನೆ ನೋಡುವವರು ಯಾರು? ಅದನ್ನು ಅವರಿಗೂ ಹೇಳಿದೆ. ಅವರು ಪತ್ರಿಕೆಯಿಂದ ತಲೆ ಎತ್ತದೆ, "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಈಗ ನಾವೂ ಆ ನೆಲದ ಲೆಕ್ಕಕ್ಕೆ ಬಂದ್ವಾ?" ಎಂದರು. ಮಗಳು ಇನ್ನೂ ಮುಂದೆ ಹೋದಳು. "ಅಮ್ಮಾ, ಹೋಗು ಅಂದ್ರೆ ಹೋಗಲ್ಲ, ಹೋಗ್ಬೇಡ ಅಂದ್ರೆ ಅಳ್ತೀಯ. ನಾವೇನು ಅನ್ಬೇಕು ಅಂತ ಬರೆದು ಕೊಟ್ಬಿಡು, ಓದಿ ಹೇಳ್ತೀವಿ" ಎಂದಳು. ಅಪ್ಪ ಮಗಳು ಇಬ್ಬರಿಗೂ ನಾಲಿಗೆ ಉದ್ದವಾಗಿದೆ.

ನಿರ್ದೇಶಕಿ ನಿನ್ನೆ ಫೋನು ಮಾಡಿದ್ದರು. ಶುಕ್ರವಾರದೊಳಗೆ ಹೇಳದಿದ್ದರೆ ಬೇರೊಬ್ಬರನ್ನು ನೋಡಿಕೊಳ್ಳುತ್ತಾರಂತೆ. ನೋಡಿಕೊಳ್ಳಲಿ. ಆಗುವುದಿಲ್ಲ ಎಂದು ಮರ್ಯಾದೆಯಿಂದ ಒಂದು ಮೇಲ್ ಬರೆದಿಟ್ಟಿದ್ದೇನೆ, ಕಳಿಸುವುದೊಂದು ಬಾಕಿ. ಕಾರಣ ಏನು ಕೊಡುವುದು ಎಂಬಲ್ಲಿ ಸ್ವಲ್ಪ ನಿಂತಿದೆ. ಯಂತ್ರ ಬರುವುದಿಲ್ಲ ಎಂದು ಬರೆಯುವುದು ಕೈಗೆ ಅಭ್ಯಾಸ, ಅದನ್ನೇ ಬರೆದು ಅಳಿಸಿದೆ.

ಇವತ್ತು ದೊಡ್ಡಪ್ಪನನ್ನೇ ಎಬ್ಬಿಸಿ ಕೆಲಸ ಮಾಡಿದೆ. ಆ ಗೊರಗೊರ ಸದ್ದು ಕಿವಿಗೆ ಬಿದ್ದ ಮೇಲೆ ಜೀವಕ್ಕೆ ಹಾಯೆನಿಸಿತು. ನಿನ್ನ ಯಂತ್ರವೇ ಗೆದ್ದಿತು, ಸಂತೋಷಪಡು.

ಹೆದರಿಕೆ ಎಂದು ಮಾತ್ರ ಅಂದುಕೊಳ್ಳಬೇಡ. ಹೆದರುವ ಜಾತಿಯೇ ಅಲ್ಲ ನಾನು.

ಅಕ್ಕ


ಜುಲೈ ೩

ಅಕ್ಕ,

ಬಂದರಿಗೆ ಬಂದ ಕೂಡಲೇ ನಿನ್ನ ಕಾಗದ ಓದಿದೆ. ಉಳಿದವರು ಊರು ನೋಡಲು ಹೋದರು, ನಾನು ಸಾಮಾನು ಇಳಿಸುವ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಇದು ಶುಕ್ರವಾರದೊಳಗೆ ನಿನ್ನ ಕೈ ಸೇರಬೇಕು.

ನನಗೆ ಸಿಟ್ಟು ಬಂದಿದೆ. ನನ್ನ ಯಂತ್ರ ಗೆದ್ದಿತು ಅಂದೆಯಲ್ಲ, ಅದಕ್ಕೆ. ಇಂಥ ಗೆಲುವು ಅದಕ್ಕೂ ಬೇಡ, ನನಗೂ ಬೇಡ.

ಒಂದು ಪ್ರಶ್ನೆ ಕೇಳುತ್ತೇನೆ. ಹೆಡ್‌ಫೋನಿನ ತೂಕ ಎಷ್ಟಿದ್ದೀತು? ಅದನ್ನು ನೇತುಹಾಕಲು ಯಾವ ಮೂರ್ಖ ಉಕ್ಕಿನ ಕಂಬಿಯನ್ನು ನಾಲ್ಕು ಬೋಲ್ಟು ಹಾಕಿ ಬಿಗಿಯುತ್ತಾನೆ?

ಅದು ಹಿಡಿ, ಅಕ್ಕ. ಎತ್ತಿಕೊಂಡು ಹೋಗುವ ಹಿಡಿ. ಹಳೆಯ ಟ್ರಂಕಿನದು, ಬಿಚ್ಚಿ ತಂದು ಹಾಕಿದೆ. ನಾನು ಆ ಕಂಪ್ಯೂಟರ್ ಜೋಡಿಸುವಾಗ ದೋಣಿ ಕಟ್ಟುವವರ ಚಿತ್ರಕ್ಕೆ ನಿನ್ನನ್ನು ಕರೆದಿದ್ದರು, ನೆನಪಿದೆಯಾ? ನೀನು ಅದನ್ನು ಹೊತ್ತುಕೊಂಡು ಹೋಗಬೇಕು ಎಂದೇ ಚಿಕ್ಕ ಪೆಟ್ಟಿಗೆ ಹುಡುಕಿದೆ. ದಾರಿಯಲ್ಲಿ ಕುಲುಕಿದರೂ ಒಳಗೆ ಏನೂ ಅಲುಗಬಾರದೆಂದು ಸಂದುಗಳಿಗೆ ಸ್ಪಂಜು ತುಂಬಿದೆ. ಭಾವನ ಕಾರಿನ ಹಿಂದಿನ ಸೀಟನ್ನು ಅಳೆದು ಅಳತೆ ಇಟ್ಟೆ. ಮುಂದಿನ ರಜೆಗೆ ಬಂದು ನೋಡಿದರೆ ಹಿಡಿಗೆ ಹೆಡ್‌ಫೋನ್ ನೇತಾಡುತ್ತಿತ್ತು. "ಎಷ್ಟು ಯೋಚನೆ ಮಾಡಿ ಕಂಬಿ ಹಾಕಿದ್ದೀಯೋ!" ಎಂದು ನನ್ನ ಬೆನ್ನು ತಟ್ಟಿದೆ. ಅಷ್ಟು ಖುಷಿಯಲ್ಲಿದ್ದವಳಿಗೆ ಏನು ಹೇಳುವುದು? ಆಮೇಲೆ ಒಂದು ಸಲ ಯಾರಿಗೋ ಫೋನಿನಲ್ಲಿ "ನನ್ನ ಯಂತ್ರ ಊರು ಬಿಟ್ಟು ಬರಲ್ಲ" ಎನ್ನುತ್ತಿದ್ದೆ. ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ.

ದೊಡ್ಡಪ್ಪ ನಿನ್ನನ್ನು ಒಂದು ದಿನವೂ ಹಿಡಿದಿಟ್ಟಿರಲಿಲ್ಲ. ಅವನು ಹುಟ್ಟಿದಾಗಿನಿಂದ ಹೊರಡಲು ಸಿದ್ಧನಾಗಿ ಕುಳಿತಿದ್ದಾನೆ.

ನೀನು ಸಂಕಲಿಸಿದ ಆ ಶಾಲೆಯ ಚಿತ್ರವನ್ನು ಇಲ್ಲಿ ಎಲ್ಲರಿಗೂ ತೋರಿಸಿದ್ದೇನೆ. ಅದರಲ್ಲಿ ಒಂದು ಹುಡುಗಿ ಉತ್ತರ ಹೇಳುವ ಮೊದಲು ಉಸಿರು ಎಳೆದುಕೊಳ್ಳುತ್ತಾಳೆ. ಬೇರೆ ಯಾರಾಗಿದ್ದರೂ ಅದನ್ನು ಕತ್ತರಿಸುತ್ತಿದ್ದರು. ನೀನು ಉಳಿಸಿದೆ. ಆ ಉಸಿರು ಬಂದಾಗ ನಮ್ಮ ಹಡಗಿನ ಒರಟರೆಲ್ಲ ಅದನ್ನೇ ಇನ್ನೊಂದು ಸಲ ಹಾಕು ಎಂದರು. ಇಂಥ ಕೈ ಇರುವ ನನ್ನ ಅಕ್ಕ ಮನೆಯ ಮೂಲೆಯಲ್ಲಿ ವಯರು ಕಟ್ಟಿಕೊಂಡು ಕುಳಿತಿದ್ದಾಳೆ ಎಂದು ನನಗೆ ಸಂಕಟವಾಗುತ್ತದೆ. ಹೆದರಿಕೆಯಾದರೆ ಹೆದರಿಕೆ ಎನ್ನು. ಯಂತ್ರದ ಮೇಲೆ ಹಾಕಬೇಡ.

ಆ ಮೇಲ್ ಕಳಿಸುವ ಮೊದಲು ಒಂದು ಕೆಲಸ ಮಾಡು. ಹೆಡ್‌ಫೋನ್ ತೆಗೆದಿಟ್ಟು ಹಿಡಿ ಹಿಡಿದು ಎತ್ತು. ಅಷ್ಟೇ. ಆಮೇಲೆ ನಿನ್ನಿಷ್ಟ.

ತಮ್ಮ


ಜುಲೈ ೧೯

ನನ್ನ ಸ್ಕ್ರೂ ತಮ್ಮನಿಗೆ,

ನಿನ್ನ ಕಾಗದ ಓದಿ ಮೊದಲು ಬಂದದ್ದು ಕೋಪ. ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆಯಲ್ಲ, ಕೈಗೆ ಸಿಕ್ಕಿದ್ದರೆ ಕಿವಿ ಹಿಂಡುತ್ತಿದ್ದೆ. ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆದೆ.

ಶುಕ್ರವಾರ ಬೆಳಿಗ್ಗೆ ಮಗಳನ್ನು ಶಾಲೆಗೆ ಕಳಿಸಿ ಕೆಲಸದ ಕೋಣೆಗೆ ಹೋದೆ. ದೊಡ್ಡಪ್ಪನ ವಯರುಗಳನ್ನು ಒಂದೊಂದಾಗಿ ಕಿತ್ತೆ. ಹೆಡ್‌ಫೋನ್ ತೆಗೆದು ಕುರ್ಚಿಯ ಮೇಲಿಟ್ಟೆ. ಕಂಬಿ ಒರೆಸಿ, ಹಿಡಿದು, ಎತ್ತಿದೆ.

ಎದ್ದ.

ಭಾರವೇ, ಇಲ್ಲ ಎನ್ನುವುದಿಲ್ಲ. ಆದರೆ ನೀರು ತುಂಬಿದ ಬಿಂದಿಗೆಗಿಂತ ಹೆಚ್ಚಲ್ಲ. ಕೆಳಗಿಡಬೇಕೆಂದು ಅನಿಸಲಿಲ್ಲ. ಹಾಗೇ ನಡುಮನೆ ದಾಟಿದೆ, ಬಾಗಿಲು ದಾಟಿದೆ, ಮೆಟ್ಟಿಲಿಳಿದು ಬೀದಿಗೆ ಬಂದೆ. ಭಾವ ಕಾರು ತೊಳೆಯುತ್ತಿದ್ದರು. ನನ್ನನ್ನೂ ನನ್ನ ಕೈಯಲ್ಲಿದ್ದ ದೊಡ್ಡಪ್ಪನನ್ನೂ ನೋಡಿದರು. ಕೈ ಒರೆಸಿಕೊಂಡು ಹಿಂದಿನ ಬಾಗಿಲು ತೆರೆದರು. ಸೀಟಿನ ಮೇಲಿಟ್ಟೆ. ಅಳೆದು ಮಾಡಿದ ಹಾಗೆ ಕೂತ. ಅಳೆದೇ ಮಾಡಿದ್ದೆಯಲ್ಲ! ಅಲ್ಲೇ ಬೀದಿಯಲ್ಲಿ, ಎದುರುಮನೆಯವರು ನೋಡುತ್ತಿದ್ದಾರೆ ಎಂಬುದೂ ಇಲ್ಲದೆ ಅತ್ತುಬಿಟ್ಟೆ.

ಹೆದರಿಕೆ ಕಣೋ. ಬೇರೆ ಹೆಸರಿಲ್ಲ ಅದಕ್ಕೆ. ಮನೆಯಲ್ಲಿ ಕುಳಿತು ಅವರಿವರು ಕಳಿಸಿದ್ದನ್ನು ತಿದ್ದಿ ಕೊಟ್ಟರೆ, ಚೆನ್ನಾಗಿದ್ದರೆ ನನ್ನ ಕೈಗುಣ, ಕೆಟ್ಟರೆ ಅವರ ಹಣೆಬರಹ. ಅಲ್ಲಿಗೇ ಹೋಗಿ, ಅವರ ಜೊತೆಗೇ ಕುಳಿತು ಮಾಡಿ ಕೆಟ್ಟರೆ? ಆಗ ಕೆಟ್ಟದ್ದು ನಾನೇ. ಇದನ್ನೆಲ್ಲ ಭಾವನಿಗೆ ಅಲ್ಲೇ ನಿಂತು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ನನ್ ಹತ್ರ ಕಲಿಯೋಕೆ ಬರೋರೆಲ್ಲ ಮೊದಲ ದಿನ ಹೀಗೇ ಅಳ್ತಾರೆ. ಗೇರು ಹಾಕಿ, ಕ್ಲಚ್ಚು ಒತ್ತಿ ಹಿಡ್ಕೊಂಡು, ಗಾಡಿ ಸರಿಯಿಲ್ಲ ಅಂತಾರೆ. ಗಾಡಿ ಸರಿಯಾಗೇ ಇದೆ ಕಣೇ. ಕಾಲು ತೆಗಿ" ಎಂದರು.

ಒಳಗೆ ಹೋಗಿ ಬರೆದಿಟ್ಟಿದ್ದ ಮೇಲನ್ನು ಅಳಿಸಿದೆ. ಫೋನು ಮಾಡಿ ಬರುತ್ತೇನೆ ಎಂದೆ. ಆಮೇಲೆ ಕತ್ತರಿ ತಂದು ಮೇಜಿನ ಕಾಲಿನ ಪಟ್ಟಿಗಳನ್ನು ಕತ್ತರಿಸಿದೆ. ಸಂಜೆ ಮಗಳು ಬಂದು ಖಾಲಿ ಮೇಜು ನೋಡಿ, "ಓಡಿ ಹೋಯ್ತಾ?" ಎಂದಳು. ಹೂಂ ಎಂದೆ. ಚೀಲ ಕೆಳಗಿಟ್ಟು, "ನಾನು ರಜೆಗೆ ಬಂದು ಸೇತುವೆ ಮೇಲೆ ನಡೀಬಹುದಾ?" ಎಂದು ಕೇಳಿದಳು. ಬರುತ್ತಾಳೆ, ಅಪ್ಪನ ಜೊತೆ.

ಈಗ ನಾನು ಸೇತುವೆಯ ಬುಡದಲ್ಲಿದ್ದೇನೆ. ತಗಡಿನ ಶೆಡ್ಡು, ಹಲಗೆಯ ಮೇಜು, ಕಿಟಕಿಯಾಚೆ ಅರ್ಧ ಕಟ್ಟಿದ ಎರಡು ತೋಳುಗಳು ಒಂದಕ್ಕೊಂದು ಇನ್ನೂ ಎಟುಕದೆ ನಿಂತಿವೆ. ಆವತ್ತು ಲ್ಯಾಪ್‌ಟಾಪಿನ ಬಗ್ಗೆ ಬರೆದ ಮೊದಲ ಅನಿಸಿಕೆಯನ್ನು ಹೊಡೆದುಹಾಕು. ಮೇಜಿಗೆ ಕಟ್ಟಿ ಹಾಕಿದವಳಿಗೆ ಏನು ಅನಿಸಿಕೆ? ಇದು ಮೊದಲನೆಯದು, ಬರೆದುಕೋ. ಮೊನ್ನೆ ವೆಲ್ಡಿಂಗ್ ಮಾಡುವ ಹೆಂಗಸೊಬ್ಬಳು ಮುಖವಾಡ ಎತ್ತಿ ನಗುವುದನ್ನು ಬೆಳಿಗ್ಗೆ ಚಿತ್ರೀಕರಿಸಿದರು. ಮಧ್ಯಾಹ್ನದ ಹೊತ್ತಿಗೆ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳು ಕೆಲಸ ಮಾಡುವಲ್ಲಿಗೇ ಹೋಗಿ, ಸಂಕಲಿಸಿದ್ದನ್ನು ಅವಳಿಗೇ ತೋರಿಸಿದೆ. ನೋಡಿ, "ನಗೋದು ಇನ್ನೂ ಸ್ವಲ್ಪ ಹೊತ್ತು ಇರ್ಲಿ" ಎಂದಳು. ಅವಳು ಹೇಳಿದ್ದು ಸರಿ. ಅಲ್ಲೇ, ಸಿಮೆಂಟಿನ ಚೀಲದ ಮೇಲೆ ಕುಳಿತು ಸರಿಮಾಡಿದೆ. ಬಿಸಿಯೂ ಆಗಲಿಲ್ಲ, ಕುತ್ತಿಗೆಯೂ ನೋಯಲಿಲ್ಲ. ಎಂಥ ಯಂತ್ರ ಅಂತೀಯ!

ದೊಡ್ಡಪ್ಪನೂ ಬಂದಿದ್ದಾನೆ. ಕಾರಿನಲ್ಲಿ ಕೂತವನನ್ನು ಇಳಿಸಲು ಮನಸ್ಸಾಗಲಿಲ್ಲ. ದಿನದ ಚಿತ್ರೀಕರಣವನ್ನೆಲ್ಲ ಪ್ರತಿ ಮಾಡಿ ಜೋಪಾನವಾಗಿಡುವ ಕೆಲಸ ಅವನದು. ನಿಧಾನಕ್ಕೆ, ಗೊಣಗುತ್ತಾ ಮಾಡುತ್ತಾನೆ. ದಾರಿಯಲ್ಲಿ ಎಷ್ಟು ಕುಲುಕಿದರೂ ಒಳಗೆ ಒಂದು ಸ್ಕ್ರೂ ಸಡಿಲವಾಗಿಲ್ಲ, ಇದನ್ನು ನಿನ್ನ ಮಹಾಸಭೆಗೆ ಹೇಳು.

ಹೆಡ್‌ಫೋನಿಗೆ ಶೆಡ್ಡಿನ ಗೋಡೆಗೊಂದು ಮೊಳೆ ಹೊಡೆದಿದ್ದೇನೆ. ಹಿಡಿಗೆ ಏನನ್ನೂ ನೇತುಹಾಕಿಲ್ಲ. ಈ ಸೇತುವೆ ಮುಗಿದ ಮೇಲೆ ಎಲ್ಲಿಗೆ ಕರೆಯುತ್ತಾರೋ ಗೊತ್ತಿಲ್ಲ, ಕೈಗೆ ಸಿಗುವ ಹಾಗಿರಲಿ.

ನಿನ್ನ
ಕತ್ತರಿ ಅಕ್ಕ